ಗಿಡದ ಗುಣ ಯಾವುದರಲ್ಲಿ ಇಳಿಯುತ್ತದೆ?

(ಚಿಕ್ಕೋಡಿಯಲ್ಲಿ ಮಹಿಳೆಯರ ಬಳಗವೊಂದರ ಮುಂದೆ ಮಾಡಿದ ಭಾಷಣದ ಬರಹರೂಪ)



ಮನೆಮದ್ದಿಗೆ ಎಣ್ಣೆ ಯಾವುದು, ಮದ್ಯಸಾರ ಯಾವುದು ಎಂಬ ವಿಷಯವನ್ನು ನಾನೇ ಆರಿಸಿಕೊಂಡೆ. ಆರಿಸಿಕೊಳ್ಳುವಂತೆ ಮಾಡಿದವರು ಒಬ್ಬ ಅಜ್ಜಿ. ಕೆಲವು ವರ್ಷಗಳ ಹಿಂದೆ ಶೇಡಬಾಳದ ಕಡೆ ಒಂದು ಮನೆಗೆ ಹೋಗಿದ್ದಾಗ ಅವರು ಒಂದು ಬಾಟಲಿ ತಂದು ನನ್ನ ಮುಂದಿಟ್ಟರು. ದಶಮೂಲಾರಿಷ್ಟದ ಬಾಟಲಿ. "ಸರ, ಸೊಸಿ ಬಾಣಂತಿ ಅದಾಳ. ಇದನ್ನ ಕುಡಸ್ರಿ ಅಂತ ಬರದು ಕೊಟ್ಟಾರ. ಮೊಮ್ಮಗ ಮ್ಯಾಲಿನ ಚೀಟಿ ಓದಿ, ಅಮ್ಮಾ ಇದರಾಗ ದಾರೂ ಐತಿ ಅಂದ. ನಾವು ಜೈನರು. ಕುಡಸಬೇಕೋ ಬ್ಯಾಡೋ, ನೀವ ಹೇಳ್ರಿ" ಎಂದರು.

ನಾನು ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವನು, ವೈದ್ಯನಲ್ಲ. ಚೀಟಿಯ ಮೇಲೆ 'ಸ್ವಯಂ ಉತ್ಪನ್ನವಾದ ಮದ್ಯಸಾರವಿದೆ' ಎಂದು ಬರೆದದ್ದು ನಿಜವಾಗಿತ್ತು. ಮೊಮ್ಮಗ ಓದಿದ್ದರಲ್ಲಿ ತಪ್ಪಿರಲಿಲ್ಲ. ಆದರೆ 'ದಾರೂ ಐತಿ' ಎಂಬ ಒಂದೇ ಮಾತಿನಲ್ಲಿ ಮೂರು ಪ್ರಶ್ನೆಗಳು ಸೇರಿಕೊಂಡಿದ್ದವು. ಅದು ಅಲ್ಲಿ ಏಕೆ ಇದೆ? ಅದು ದೇಹಕ್ಕೆ ಏನು ಮಾಡುತ್ತದೆ? ಅದಿಲ್ಲದೆ ಮದ್ದು ಆಗುವುದಿಲ್ಲವೆ? ಅಂದು ನಾನು ಕೊಟ್ಟ ಉತ್ತರ ಅರೆಬರೆಯದು. ಇಂದು ಪೂರ್ತಿ ಉತ್ತರ ಹೇಳಲು ಪ್ರಯತ್ನಿಸುತ್ತೇನೆ.

ಎಣಗಾಯಿ ಹೇಳುವ ಪಾಠ

ಬದನೆಕಾಯಿ ಎಣಗಾಯಿ ಮಾಡುವಾಗ ಪಾತ್ರೆಯಲ್ಲಿ ನೀರೂ ಇರುತ್ತದೆ, ಎಣ್ಣೆಯೂ ಇರುತ್ತದೆ. ಕುದಿದ ಮೇಲೆ ನೋಡಿ. ಖಾರಪುಡಿಯ ಕೆಂಪು, ಅರಿಷಿಣದ ಹಳದಿ ಎರಡೂ ಮೇಲೆ ತೇಲುವ ಎಣ್ಣೆಗೆ ಬಂದಿರುತ್ತವೆ. ಉಪ್ಪು, ಬೆಲ್ಲ, ಹುಣಸೆಯ ಹುಳಿ ಮಾತ್ರ ಕೆಳಗಿನ ನೀರಿನಲ್ಲೇ ಉಳಿಯುತ್ತವೆ. ಯಾರೂ ಹೇಳಿಕೊಡದೆ ಪ್ರತಿಯೊಂದು ಪದಾರ್ಥವೂ ತನಗೆ ಒಗ್ಗುವ ದ್ರವವನ್ನು ಹುಡುಕಿಕೊಂಡು ಹೋಗಿದೆ. ಮನೆಮದ್ದಿನ ಶಾಸ್ತ್ರವೆಲ್ಲ ಇಲ್ಲಿಂದಲೇ ಆರಂಭವಾಗುತ್ತದೆ.

ಗಿಡದಲ್ಲಿ ನೂರಾರು ಪದಾರ್ಥಗಳಿವೆ. ನೆಲ್ಲಿಕಾಯಿಯ ಹುಳಿ, ಅಳಲೆಕಾಯಿಯ ಒಗರು ನೀರಿನಲ್ಲಿ ಇಳಿಯುತ್ತವೆ. ಆದ್ದರಿಂದ ತ್ರಿಫಲಾ ಕಷಾಯಕ್ಕೆ ನೀರು ಸಾಕು. ಅರಿಷಿಣದ ಹಳದಿ ನೀರಿನಲ್ಲಿ ಬಹುಮಟ್ಟಿಗೆ ಇಳಿಯುವುದಿಲ್ಲ. ಅದಕ್ಕೆ ಎಣ್ಣೆ, ತುಪ್ಪ ಅಥವಾ ಮದ್ಯಸಾರ ಬೇಕು. ಹಾಲಿಗೆ ಅರಿಷಿಣ ಹಾಕುವಾಗ ಕೆನೆ ತೆಗೆಯದ ಹಾಲೇ ಬೇಕು ಎಂದು ಹಿರಿಯರು ಹೇಳುತ್ತಿದ್ದುದಕ್ಕೆ ಕಾರಣವಿದೆ. ಓಮಿನ ವಾಸನೆಗೆ ಮೂಲವಾದ ಥೈಮಾಲ್, ಕರ್ಪೂರ, ತುಳಸಿಯ ಗಂಧದೆಣ್ಣೆ, ಇವು ಎಣ್ಣೆಗೂ ಒಲಿಯುತ್ತವೆ, ಮದ್ಯಸಾರಕ್ಕೂ ಒಲಿಯುತ್ತವೆ; ನೀರಿಗೆ ಅಷ್ಟಕ್ಕಷ್ಟೆ.

ಮದ್ಯಸಾರದ ವಿಶೇಷವೆಂದರೆ ಅದು ನೀರಿನೊಡನೆ ಸಲೀಸಾಗಿ ಬೆರೆಯುತ್ತದೆ, ಎಣ್ಣೆಯ ಗುಣದ ಪದಾರ್ಥಗಳನ್ನೂ ಕರಗಿಸಿಕೊಳ್ಳುತ್ತದೆ. ಎರಡು ಊರಿನ ಭಾಷೆ ಬಲ್ಲ ದುಭಾಷಿಯಂತೆ ಎನ್ನಿ. ನಿಪ್ಪಾಣಿ, ಕಾಗವಾಡದ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೊತೆಗೆ, ನೂರಕ್ಕೆ ಇಪ್ಪತ್ತು ಭಾಗಕ್ಕಿಂತ ಹೆಚ್ಚು ಮದ್ಯಸಾರವಿರುವ ದ್ರವದಲ್ಲಿ ಬೂಷ್ಟು, ಹುಳಿತ ಸಾಮಾನ್ಯವಾಗಿ ಬೆಳೆಯುವುದಿಲ್ಲ. ನೀರಿನ ಕಷಾಯ ಒಂದು ದಿನ ಇದ್ದರೆ ಹೆಚ್ಚು. ಹೀಗೆ ಕರಗಿಸುವುದು, ಕೆಡದಂತೆ ಕಾಯುವುದು ಎಂಬ ಎರಡು ಕೆಲಸಗಳಿಗಾಗಿ ಮದ್ಯಸಾರ ಔಷಧದೊಳಗೆ ಬಂದಿತು. ಅಮಲು ಏರಿಸುವುದು ಅದರ ಕೆಲಸವಾಗಿರಲಿಲ್ಲ.

ನಮ್ಮ ಹೊಲದ ಎಣ್ಣೆಗಳು

ಮೊದಲು ಎಣ್ಣೆಯ ಮಾತು. ಸಂಸ್ಕೃತದ 'ತೈಲ' ಎಂಬ ಪದವೇ 'ತಿಲ'ದಿಂದ, ಅಂದರೆ ಎಳ್ಳಿನಿಂದ ಬಂದದ್ದು. ವೈದ್ಯ ಗ್ರಂಥಗಳಲ್ಲಿ ಬೇರೇನೂ ಹೇಳದೆ ಬರಿಯ 'ತೈಲ' ಎಂದರೆ ಎಳ್ಳೆಣ್ಣೆ ಎಂದೇ ಅರ್ಥ. ಇದರ ಹಿಂದೆ ಅನುಭವದ ತಿಳಿವಳಿಕೆ ಇದೆ. ಎಳ್ಳಿನಲ್ಲಿ ಸೆಸಮಿನ್, ಸೆಸಮಾಲ್ ಎಂಬ ಪದಾರ್ಥಗಳಿವೆ. ಇವು ಎಣ್ಣೆ ಗಾಳಿಗೆ ಕನರಾಗದಂತೆ ತಡೆಯುತ್ತವೆ. ತಿಂಗಳುಗಟ್ಟಲೆ ಇಡಬೇಕಾದ ಮದ್ದೆಣ್ಣೆಗೆ ಇಂಥ ಎಣ್ಣೆಯೇ ಬೇಕು. ಮನೆಯಲ್ಲಿ ಒಂದೇ ಒಂದು ಎಣ್ಣೆ ಇಟ್ಟುಕೊಳ್ಳುವುದಾದರೆ ಎಳ್ಳೆಣ್ಣೆ ಇಟ್ಟುಕೊಳ್ಳಿ ಎಂದು ನಾನು ಹೇಳುತ್ತೇನೆ.

ಎರಡನೆಯದು ನಮ್ಮ ಕುಸುಬಿ. ಅಥಣಿ ಕಡೆಯ ಎರೆ ಹೊಲಗಳಲ್ಲಿ ಹಿಂಗಾರಿ ಜೋಳದ ನಡುವೆ ಕುಸುಬಿಯ ಸಾಲು ಹಾಕುವ ಪದ್ಧತಿಯನ್ನು ಹಿರಿಯರು ನೋಡಿರುತ್ತೀರಿ. ಮುಳ್ಳಿನ ಗಿಡವಾದ್ದರಿಂದ ದನ ಒಳಗೆ ನುಗ್ಗುತ್ತಿರಲಿಲ್ಲ, ಎಣ್ಣೆಯೂ ಸಿಗುತ್ತಿತ್ತು. ನೀರಾವರಿ ಬಂದು ಕಬ್ಬು ಹಬ್ಬಿದಲ್ಲೆಲ್ಲ ಈ ಸಾಲುಗಳು ಕಾಣೆಯಾಗುತ್ತ ಬಂದವು. ಕುಸುಬಿ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ಬಹಳ. ಸಾಮಾನ್ಯ ತಳಿಗಳಲ್ಲಿ ನೂರಕ್ಕೆ ಎಪ್ಪತ್ತು ಭಾಗದವರೆಗೆ ಇರುತ್ತದೆ. ಚರ್ಮಕ್ಕೆ ಅದು ಹಗುರ. ಆದರೆ ಇದೇ ಗುಣದಿಂದಾಗಿ ಅದು ಬೇಗ ಕನರಾಗುತ್ತದೆ, ತೆಳ್ಳಗೆ ಹರಡಿದರೆ ಅಂಟಾಗಿ ಒಣಗುತ್ತದೆ. ಎಂಟು ದಿನದಲ್ಲಿ ಮುಗಿಯುವಷ್ಟು ಮದ್ದಿಗೆ ಕುಸುಬಿ ಆದೀತು, ವರ್ಷಕ್ಕೆ ಮಾಡಿಡುವ ಮದ್ದಿಗೆ ಆಗದು. ಅಗಸಿ ಎಣ್ಣೆಗೆ ಈ ದೋಷ ಇನ್ನೂ ಹೆಚ್ಚು. ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತನ್ನಷ್ಟಕ್ಕೆ ಕಾವೇರಿ ಹೊತ್ತಿಕೊಳ್ಳುವುದುಂಟು. ಅಂಥ ಬಟ್ಟೆಯನ್ನು ಹರವಿ ಒಣಗಿಸಬೇಕು.

ಸೇಂಗಾ ಎಣ್ಣೆ ಅಡುಗೆಗೆ ಒಳ್ಳೆಯದು. ಮದ್ದಿಗೆ ಬಳಸುವುದಾದರೆ ಎರಡು ಎಚ್ಚರ ಬೇಕು. ಬೂಷ್ಟು ಹಿಡಿದ ಸೇಂಗಾದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಶುದ್ಧೀಕರಿಸದ ಗಾಣದ ಎಣ್ಣೆಯಲ್ಲಿ ಅದು ಉಳಿಯಬಹುದು. ಕೆಲವರಿಗೆ ಸೇಂಗಾ ಒಗ್ಗುವುದೇ ಇಲ್ಲ. 'ಗಾಣದ ಎಣ್ಣೆ' ಎಂಬ ಹೆಸರು ಮಾತ್ರ ನೋಡಿದರೆ ಸಾಲದು, ಗಾಣಕ್ಕೆ ಹಾಕಿದ ಕಾಳು ಎಂಥದು ಎಂಬುದನ್ನೂ ನೋಡಬೇಕು.

ಕೊಬ್ಬರಿ ಎಣ್ಣೆ ಬೇರೆ ಜಾತಿಯದು. ಅದರಲ್ಲಿ ನೂರಕ್ಕೆ ಸುಮಾರು ತೊಂಬತ್ತು ಭಾಗ ಗಟ್ಟಿಯಾಗುವ ಕೊಬ್ಬು. ಆದ್ದರಿಂದ ಬೇಗ ಕೆಡುವುದಿಲ್ಲ, ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಮುಲಾಮಿಗೆ ಇದು ಅನುಕೂಲ. ಔಡಲ ಎಣ್ಣೆ ಜಿಗುಟು. ಅದರ ಬಹುಭಾಗ ರಿಸಿನೋಲಿಕ್ ಎಂಬ ವಿಶಿಷ್ಟ ಆಮ್ಲದಿಂದ ಆದದ್ದು. ಮದ್ಯಸಾರದಲ್ಲಿ ಚೆನ್ನಾಗಿ ಕರಗುವ ಮನೆಬಳಕೆಯ ಎಣ್ಣೆ ಇದೊಂದೇ. ಎಳ್ಳೆಣ್ಣೆಯನ್ನಾಗಲಿ ಸೇಂಗಾ ಎಣ್ಣೆಯನ್ನಾಗಲಿ ಸ್ಪಿರಿಟ್ಟಿನಲ್ಲಿ ಹಾಕಿದರೆ ಬೇರೆಯಾಗಿಯೇ ನಿಲ್ಲುತ್ತದೆ.

ಇನ್ನು ಬೇವಿನ ಎಣ್ಣೆ. ಹೊರಗೆ ಹಚ್ಚಲು ಮಾತ್ರ, ಅದೂ ಬೇರೆ ಎಣ್ಣೆಯಲ್ಲಿ ಬೆರೆಸಿ. ಜಂತುಹುಳಕ್ಕೆಂದು ಎಳೆಯ ಮಕ್ಕಳಿಗೆ ಅದನ್ನು ಕುಡಿಸಿದ್ದರಿಂದ ಪಿತ್ತಕೋಶ, ಮೆದುಳು ಎರಡಕ್ಕೂ ಪೆಟ್ಟಾಗಿ ಮಕ್ಕಳು ತೀರಿಕೊಂಡ ದಾಖಲೆಗಳಿವೆ. ಬೇವು ಎಂದ ಕೂಡಲೇ ಎಲ್ಲವೂ ಅಮೃತ ಎಂದು ತಿಳಿಯಬಾರದು.

ಮಗುವಿಗೆ ಎಣ್ಣೆ ತಿಕ್ಕಿ ಎರೆಯುವ ಪದ್ಧತಿ ನಮ್ಮಲ್ಲಿ ಹಳೆಯದು. ಬಾಂಗ್ಲಾದೇಶದ ಆಸ್ಪತ್ರೆಯೊಂದರಲ್ಲಿ ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಸೂರ್ಯಕಾಂತಿ ಎಣ್ಣೆ ಸವರಿದಾಗ ಸೋಂಕು ಕಡಿಮೆಯಾಯಿತೆಂದು 2005ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಪದ್ಧತಿ ಕೆಟ್ಟದ್ದಲ್ಲ. ಆದರೆ ಮೂಗಿಗೆ, ಕಿವಿಗೆ, ಬಾಯಿಗೆ ಎಣ್ಣೆ ಬಿಡುವುದನ್ನು ದಯವಿಟ್ಟು ನಿಲ್ಲಿಸಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ಅಲ್ಲಿಯೇ ಕುಳಿತು ಒಂದು ಬಗೆಯ ನ್ಯುಮೋನಿಯಾ ತರುತ್ತದೆ. ದಕ್ಷಿಣ ಭಾರತದ ಮಕ್ಕಳ ವೈದ್ಯರು ಇದನ್ನು ಕಂಡು ಬರೆದಿದ್ದಾರೆ. ಕಿವಿ ಸೋರುತ್ತಿದ್ದರೆ ತಮಟೆ ಹರಿದಿರಬಹುದು. ಅಂಥ ಕಿವಿಗೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುವುದು ಅಪಾಯ.

ಚಟಪಟ ನಿಂತ ಮೇಲೆ

ಮದ್ದೆಣ್ಣೆ ಕಾಯಿಸುವುದಕ್ಕೆ ಹಳಬರು ಒಂದು ಲೆಕ್ಕ ಇಟ್ಟಿದ್ದಾರೆ. ಅರೆದ ಮದ್ದು ಒಂದು ಪಾಲು, ಎಣ್ಣೆ ನಾಲ್ಕು ಪಾಲು, ಕಷಾಯ ಅಥವಾ ಎಲೆಯ ರಸ ಹದಿನಾರು ಪಾಲು. 50 ಗ್ರಾಮ್ ಅರೆದ ಮದ್ದಿಗೆ 200 ಗ್ರಾಮ್ ಎಣ್ಣೆ, 800 ಗ್ರಾಮ್ ಕಷಾಯ. ಎಣ್ಣೆಯ ನಾಲ್ಕು ಪಟ್ಟು ನೀರು ಏಕೆ, ಕಟ್ಟಿಗೆ ಸುಡಲಿಕ್ಕೆಯೇ ಎಂದು ನೀವು ಕೇಳಬಹುದು. ಇದರಲ್ಲಿ ಬಹಳ ಜಾಣತನವಿದೆ. ಪಾತ್ರೆಯಲ್ಲಿ ನೀರು ಇರುವವರೆಗೆ ಶಾಖ ನೂರು ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಎಣ್ಣೆ ಸುಡುವುದಿಲ್ಲ, ಮದ್ದು ಕರಿದು ಹೋಗುವುದಿಲ್ಲ, ಗಂಟೆಗಟ್ಟಲೆ ಅವೆರಡೂ ಒಂದರೊಡನೊಂದು ಕೂಡಿ ಬೇಯುತ್ತವೆ. ನೀರು ತೀರಿದ ಕ್ಷಣದಿಂದ ಶಾಖ ಸರಸರನೆ ಏರುತ್ತದೆ. ಆಗ ಒಲೆಯ ಮುಂದಿನಿಂದ ಏಳಬಾರದು.

ಹದ ಗುರುತಿಸಲು ಶಾರ್ಙ್ಗಧರ ಮೊದಲಾದವರ ಗ್ರಂಥಗಳಲ್ಲಿ ಹೇಳಿರುವ ಪರೀಕ್ಷೆಗಳು ಇಂದಿಗೂ ಸರಿ. ಅಡಿಯ ಗಸಿಯನ್ನು ಬೆರಳಿನಲ್ಲಿ ಹೊಸೆದರೆ ಬತ್ತಿಯಂತಾಗಬೇಕು. ಆ ಬತ್ತಿಯನ್ನು ಉರಿಗೆ ಹಿಡಿದರೆ ಚಟಪಟ ಎನ್ನಬಾರದು. ಅಂದರೆ ನೀರು ಉಳಿದಿದೆ ಎಂದರ್ಥ. ಎಣ್ಣೆಯಾದರೆ ಹದ ಬಂದಾಗ ನೊರೆ ಏಳುತ್ತದೆ, ತುಪ್ಪವಾದರೆ ಎದ್ದ ನೊರೆ ಅಡಗುತ್ತದೆ. ಗಸಿ ಮೆತ್ತಗಿದ್ದರೆ ಮೃದು ಪಾಕ, ಸ್ವಲ್ಪ ಗಟ್ಟಿಯಾದರೆ ಮಧ್ಯಮ, ಒಣಗಿ ಗರಗರ ಆದರೆ ಖರ ಪಾಕ. ಅದನ್ನೂ ದಾಟಿ ಕರಿಯಾದರೆ ಚೆಲ್ಲಿಬಿಡಬೇಕು.

ನೀರು ಉಳಿದರೆ ಏನಾಗುತ್ತದೆ? ಹೊರಗೆ ಹಚ್ಚುವ ಎಣ್ಣೆಯಾದರೆ ಬೂಷ್ಟು ಬರುತ್ತದೆ, ವಾಸನೆ ಕೆಡುತ್ತದೆ. ಹೊಟ್ಟೆಗೆ ಹೋಗುವ ಎಣ್ಣೆಯಾದರೆ ಅಪಾಯ ಹೆಚ್ಚು. 1985ರಲ್ಲಿ ಕೆನಡಾದ ವ್ಯಾಂಕೂವರ್ ನಗರದ ಒಂದು ಹೋಟೆಲಿನಲ್ಲಿ ಊಟ ಮಾಡಿದ 36 ಮಂದಿ ಬಾಟುಲಿಸಂ ಎಂಬ ನರಗಳ ಲಕ್ವಕ್ಕೆ ತುತ್ತಾದರು. ಕಾರಣ, ಎಣ್ಣೆಯಲ್ಲಿ ಮುಳುಗಿಸಿ ಫ್ರಿಜ್ಜಿನ ಹೊರಗೆ ಇಟ್ಟಿದ್ದ ಹಸಿ ಬೆಳ್ಳುಳ್ಳಿ. ಬೆಳ್ಳುಳ್ಳಿಗೆ ಮಣ್ಣಿನಿಂದ ಅಂಟಿಬಂದ ಸೂಕ್ಷ್ಮಜೀವಿಯ ಬೀಜಾಣು, ಅದರ ತೇವ, ಗಾಳಿ ಹೋಗದಂತೆ ಮುಚ್ಚಿದ ಎಣ್ಣೆ, ಈ ಮೂರೂ ಸೇರಿದರೆ ವಿಷ ಹುಟ್ಟಲು ಬೇರೇನೂ ಬೇಕಾಗಿಲ್ಲ. ಅದಕ್ಕೆ ವಾಸನೆಯೂ ಇರುವುದಿಲ್ಲ, ರುಚಿಯೂ ಬದಲಾಗುವುದಿಲ್ಲ. ಹಸಿ ಬೆಳ್ಳುಳ್ಳಿ, ಹಸಿ ಶುಂಠಿ, ಹಸಿ ಎಲೆಯನ್ನು ಎಣ್ಣೆಯಲ್ಲಿ ಹಾಕಿ ಕಪಾಟಿನಲ್ಲಿ ಇಡುವುದು ಬೇಡ. ಆ ಹೊತ್ತಿಗೆ ಬೇಕಾದಷ್ಟು ಮಾಡಿ, ಆ ಹೊತ್ತಿಗೆ ಮುಗಿಸಿ.

ಇಷ್ಟೆಲ್ಲ ಪಾಕ ಮಾಡಲು ಪುರಸತ್ತಿಲ್ಲದವರು ಎಲೆಯನ್ನು ನೆರಳಿನಲ್ಲಿ ಪೂರ್ತಿ ಒಣಗಿಸಿ, ಎಣ್ಣೆಯ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು, ಎರಡು ಮೂರು ಗಂಟೆ ಬೆಚ್ಚಗೆ ಕಾಯಿಸಿ ಸೋಸಿದರೆ ಹಚ್ಚುವ ಎಣ್ಣೆ ಸಿದ್ಧವಾಗುತ್ತದೆ.

ಎಣ್ಣೆ ಗಿಡದ ಒಳ್ಳೆಯ ಗುಣವನ್ನಷ್ಟೇ ಹೀರುತ್ತದೆ ಎಂದು ತಿಳಿಯಬೇಡಿ. ನಿಪ್ಪಾಣಿ ಕಡೆಯವರಿಗೆ ಈ ಮಾತು ಮುಖ್ಯ. ತಂಬಾಕಿನ ಎಲೆಯ ನಿಕೋಟಿನ್ ಎಣ್ಣೆಯಲ್ಲೂ ಇಳಿಯುತ್ತದೆ, ಮದ್ಯಸಾರದಲ್ಲೂ ಇಳಿಯುತ್ತದೆ, ಚರ್ಮದ ಮೂಲಕ ರಕ್ತಕ್ಕೂ ಸೇರುತ್ತದೆ. ಹಸಿ ತಂಬಾಕು ಕೀಳುವವರಿಗೆ ಇಬ್ಬನಿಯ ದಿನಗಳಲ್ಲಿ ತಲೆ ಸುತ್ತಿ ವಾಂತಿ ಬರುವುದಕ್ಕೆ ಇದೇ ಕಾರಣ. ಕೀಲುನೋವಿಗೆಂದು ತಂಬಾಕಿನ ಎಲೆ ಕಾಯಿಸಿದ ಎಣ್ಣೆಯನ್ನು, ಅದರಲ್ಲೂ ಮಕ್ಕಳಿಗೆ ಮತ್ತು ಬಸುರಿಯರಿಗೆ, ಹಚ್ಚಲೇಬಾರದು. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕೇರು ಬೀಜದ ಎಣ್ಣೆಯೂ ಹಾಗೆಯೇ. ಶುದ್ಧಿ ಮಾಡುವ ಕ್ರಮ ತಿಳಿಯದವರ ಕೈಯಲ್ಲಿ ಅದು ಚರ್ಮವನ್ನು ಬೊಬ್ಬೆ ಎಬ್ಬಿಸಿ ಸುಡುತ್ತದೆ.

ಕಪಾಟಿನ ಮೇಲಿದ್ದ ಬಾಟಲಿ

ಈಗ ಮದ್ಯಸಾರ. ಇಲ್ಲಿ ನಮ್ಮ ಮನೆಯದೇ ಒಂದು ಸಂಗತಿ ಹೇಳಬೇಕು. ನಾನಾಗ ಏಳನೆಯ ಇಯತ್ತೆಯಲ್ಲಿದ್ದೆ. ಅಜ್ಜನಿಗೆ ಮೊಣಕಾಲು ನೋವು. ಯಾರೋ, ಸ್ಪಿರಿಟ್ಟಿನಲ್ಲಿ ಕರ್ಪೂರ ಹಾಕಿ ತಿಕ್ಕಿರಿ ಎಂದರು. ಮನೆಯಲ್ಲಿ ಬಾಗಿಲಿಗೆ ಪಾಲಿಶ್ ಮಾಡಿಸಿದಾಗ ಉಳಿದ ಸ್ಪಿರಿಟ್ ಇತ್ತು. ಅವ್ವ ಅದಕ್ಕೇ ಕರ್ಪೂರ ಹಾಕಿ, ಒಂದು ಖಾಲಿ ಬ್ರಾಂದಿ ಬಾಟಲಿಯಲ್ಲಿ ತುಂಬಿ ಕಪಾಟಿನ ಮೇಲೆ ಇಟ್ಟಳು. ದೀಪಾವಳಿಗೆ ಬಂದ ಒಬ್ಬ ಮಾಮಾನಿಗೆ ಗುಟ್ಟಾಗಿ ಕುಡಿಯುವ ಚಟವಿತ್ತು. ರಾತ್ರಿ ಬಾಟಲಿಯ ಆಕಾರ ನೋಡಿದ, ವಾಸನೆಯನ್ನು ಲೆಕ್ಕಿಸದೆ ನೀರು ಬೆರೆಸಿ ಕುಡಿದ. ಮರುದಿನ ಮುಂಜಾನೆ ಚೆನ್ನಾಗಿಯೇ ಇದ್ದ. ಮಧ್ಯಾಹ್ನ ಹೊಟ್ಟೆನೋವು ಎಂದ. ಸಂಜೆ, "ಅಕ್ಕಾ, ದೀಪ ಯಾಕ ಹಚ್ಚಿಲ್ಲ?" ಎಂದು ಕೇಳಿದ. ದೀಪಗಳು ಉರಿಯುತ್ತಿದ್ದವು. ಮಾಮಾ ಬದುಕಿದ, ಆದರೆ ಕಣ್ಣು ಪೂರ್ತಿ ಮರಳಲಿಲ್ಲ. ಅವ್ವ ಸಾಯುವವರೆಗೆ ಆ ಬಾಟಲಿಯ ಮಾತು ಆಡಲಿಲ್ಲ. ನಾನು ರಸಾಯನಶಾಸ್ತ್ರ ಓದಿದ್ದಕ್ಕೆ ಇದೂ ಒಂದು ಕಾರಣ.

ಮದ್ಯಸಾರ ಒಂದಲ್ಲ, ಹಲವು ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಮೂರನ್ನು ನೆನಪಿಡಬೇಕು. ಇಥೆನಾಲ್ ಅಥವಾ ಈಥೈಲ್ ಮದ್ಯಸಾರ, ಹುಳಿಯುವಿಕೆಯಿಂದ ಬರುವಂಥದು, ಅರಿಷ್ಟಗಳಲ್ಲಿ ಇರುವಂಥದು. ಮೆಥೆನಾಲ್, ನೋಡಲು ಹಾಗೆಯೇ ಇದ್ದರೂ ವಿಷ. ಐಸೊಪ್ರೊಪೈಲ್ ಮದ್ಯಸಾರ, ಚರ್ಮ ಒರೆಸಲು, ಕೈ ಸ್ವಚ್ಛ ಮಾಡಲು ಬಳಸುವಂಥದು, ಕುಡಿಯುವಂಥದಲ್ಲ. ಮೆಥೆನಾಲ್ ಹೊಟ್ಟೆಗೆ ಹೋದರೆ ಪಿತ್ತಕೋಶ ಅದನ್ನು ಮೊದಲು ಫಾರ್ಮಾಲ್ಡಿಹೈಡ್, ಆಮೇಲೆ ಫಾರ್ಮಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ. ಈ ಆಮ್ಲ ಕಣ್ಣಿನ ನರವನ್ನು ತಿನ್ನುತ್ತದೆ. ಇದಕ್ಕೆ ಅರ್ಧ ದಿನ, ಒಂದು ದಿನ ಬೇಕಾಗುವುದರಿಂದ ಮೊದಲಿಗೆ ಏನೂ ಆಗಿಲ್ಲವೆಂದೇ ಕಾಣುತ್ತದೆ. ಆ ಹೊತ್ತಿನಲ್ಲೇ ಆಸ್ಪತ್ರೆಗೆ ಒಯ್ದರೆ ತಡೆಯುವ ಔಷಧ ಇದೆ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2008ರಲ್ಲಿ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿಯಲ್ಲಿ ಮತ್ತೆ ನೂರಕ್ಕೂ ಹೆಚ್ಚು ಜನ ಸತ್ತರು. ಎರಡು ಸಲವೂ ಕೊಂದದ್ದು ಮೆಥೆನಾಲ್.

ನಮ್ಮ ಭಾಗಕ್ಕೂ ಮದ್ಯಸಾರಕ್ಕೂ ಹತ್ತಿರದ ನಂಟಿದೆ. ಕೃಷ್ಣೆ, ದೂಧಗಂಗೆ, ವೇದಗಂಗೆಯ ದಂಡೆಗಳಲ್ಲಿ ಕಬ್ಬು, ಕಬ್ಬಿನಿಂದ ಸಕ್ಕರೆ, ಸಕ್ಕರೆ ತೆಗೆದು ಉಳಿದ ಕಾಕಂಬಿಯಿಂದ ಮದ್ಯಸಾರ. 1939ರಲ್ಲಿ ಸ್ಥಾಪನೆಯಾದ ಉಗಾರದ ಸಕ್ಕರೆ ಕಾರ್ಖಾನೆಯಂಥ ಕಡೆ ಭಟ್ಟಿ ಘಟಕವೂ ಇದೆ. ಭಟ್ಟಿಯಲ್ಲಿ ಎಷ್ಟು ಸಲ ಇಳಿಸಿದರೂ ನೂರಕ್ಕೆ ಸುಮಾರು ತೊಂಬತ್ತೈದು ಭಾಗಕ್ಕೆ ಮದ್ಯಸಾರ ನಿಲ್ಲುತ್ತದೆ, ಉಳಿದ ನೀರು ಬಿಟ್ಟುಕೊಡುವುದಿಲ್ಲ. ಇದೇ ರೆಕ್ಟಿಫೈಡ್ ಸ್ಪಿರಿಟ್. ಇದನ್ನು ಕುಡಿಯಬಹುದಾದ್ದರಿಂದ ಸರಕಾರ ಇದಕ್ಕೆ ಅಬಕಾರಿ ಸುಂಕ ಹಾಕುತ್ತದೆ. ಪಾಲಿಶ್, ಒಲೆ, ಕಾರ್ಖಾನೆಯ ಬಳಕೆಗೆ ಸುಂಕವಿಲ್ಲದೆ ಕೊಡಬೇಕಾದಾಗ ಕುಡಿಯಲಾರದಂತೆ ಅದರಲ್ಲಿ ಮೆಥೆನಾಲ್ ಅಥವಾ ಕೆಟ್ಟ ವಾಸನೆಯ ಬೇರೆ ಪದಾರ್ಥಗಳನ್ನು ಬೆರೆಸುತ್ತಾರೆ. ಬೆರೆಸಿದ್ದನ್ನು ಮನೆಯಲ್ಲಿ ಕಾಯಿಸಿಯೋ ಇದ್ದಿಲಿನಲ್ಲಿ ಸೋಸಿಯೋ ಬೇರ್ಪಡಿಸಬಹುದೆಂಬುದು ಶುದ್ಧ ಸುಳ್ಳು. ಬೇರೆಯಾಗಬಾರದೆಂದೇ ಬೆರೆಸಿರುತ್ತಾರೆ.

ಆದ್ದರಿಂದ ನಿಯಮ ಸರಳ. ಪಾಲಿಶ್ ಸ್ಪಿರಿಟ್, ಔಷಧ ಅಂಗಡಿಯ ಸರ್ಜಿಕಲ್ ಸ್ಪಿರಿಟ್, ಕೈಗೆ ಹಚ್ಚುವ ಸ್ಯಾನಿಟೈಸರ್, ಇವುಗಳಲ್ಲಿ ಯಾವುದರಿಂದಲೂ ಹೊಟ್ಟೆಗೆ ಹೋಗುವ ಮದ್ದು ಮಾಡುವಂತಿಲ್ಲ. ಪಾಲಿಶ್ ಸ್ಪಿರಿಟ್ ಮೈಗೆ ತಿಕ್ಕಲೂ ಬೇಡ, ಮೆಥೆನಾಲ್ ಚರ್ಮದ ಮೂಲಕವೂ ಹೋಗುತ್ತದೆ. ಜ್ವರ ಬಂದ ಮಗುವಿನ ಮೈಯನ್ನು ಯಾವುದೇ ಸ್ಪಿರಿಟ್ಟಿನಿಂದ ಒರೆಸಬಾರದು, ನೀರಿನಿಂದ ಒರೆಸಿ. ನೆಗಡಿಗೆ ಎರಡು ಹನಿ ಬ್ರಾಂದಿ ಎಂಬುದೂ ಮಕ್ಕಳಿಗೆ ಬೇಡ. ಮಗುವಿನ ಪಿತ್ತಕೋಶಕ್ಕೆ ಅದನ್ನು ಅರಗಿಸುವ ಶಕ್ತಿ ಕಡಿಮೆ, ರಕ್ತದ ಸಕ್ಕರೆ ಇಳಿದು ಪ್ರಜ್ಞೆ ತಪ್ಪಬಹುದು.

ಹಾಗಾದರೆ ಅರಿಷ್ಟ ಹೇಗೆ ಆಗುತ್ತದೆ? ಕಷಾಯ ಕಾಸಿ, ಬೆಲ್ಲ ಕೂಡಿಸಿ, ಧಾತಕಿ ಹೂವು ಹಾಕಿ ಮುಚ್ಚಿಡುತ್ತಾರೆ. ಹೂವಿಗೆ ಅಂಟಿದ ಯೀಸ್ಟ್ ಬೆಲ್ಲವನ್ನು ತಿಂದು ಮದ್ಯಸಾರ ಮಾಡುತ್ತದೆ. ಕಾಸದೆ ಮಾಡಿದರೆ ಆಸವ, ಕಾಸಿ ಮಾಡಿದರೆ ಅರಿಷ್ಟ. ಮಾರುಕಟ್ಟೆಯಲ್ಲಿ ಸಿಗುವಂಥವುಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ ಐದರಿಂದ ಹತ್ತು ಭಾಗ ಮದ್ಯಸಾರ ಇರುತ್ತದೆ. ಹೊರಗಿನಿಂದ ಯಾರೂ ಸುರಿದದ್ದಲ್ಲ. 'ಸ್ವಯಂ ಉತ್ಪನ್ನ' ಎಂಬ ಮಾತಿನ ಅರ್ಥ ಇದು. ಔಷಧ ಮಾಡುವವರು ಇದಕ್ಕೆ ಪರವಾನಗಿ ಪಡೆದಿರುತ್ತಾರೆ. ಮದ್ಯಸಾರ ಇರುವ ಔಷಧಗಳಿಗಾಗಿಯೇ 1955ರ ಕೇಂದ್ರ ಕಾಯ್ದೆಯೊಂದು 2017ರವರೆಗೆ ಜಾರಿಯಲ್ಲಿತ್ತು. ಮನೆಯಲ್ಲಿ ಹುಳಿಸುವುದು, ಭಟ್ಟಿ ಇಳಿಸುವುದು ರಾಜ್ಯದ 1965ರ ಅಬಕಾರಿ ಕಾಯ್ದೆಯ ತೊಡಕಿಗೆ ಸಿಕ್ಕಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಯೀಸ್ಟಿನ ಜಾಗದಲ್ಲಿ ಬೇರೆ ಸೂಕ್ಷ್ಮಜೀವಿ ಸೇರಿದರೆ ಮದ್ದು ಹುಳಿತು ವಿನೆಗರ್ ಆಗಬಹುದು, ಬೂಷ್ಟು ಹಿಡಿಯಬಹುದು. ಅರಿಷ್ಟ ಬೇಕಾದವರು ಪರವಾನಗಿ ಇರುವವರಿಂದ ಕೊಳ್ಳಿ. ಸಕ್ಕರೆ ಕಾಯಿಲೆ ಇದ್ದವರು ಅದರಲ್ಲಿನ ಬೆಲ್ಲವನ್ನೂ, ಪಿತ್ತಕೋಶದ ಕಾಯಿಲೆ ಇದ್ದವರು ಮತ್ತು ಬಸುರಿಯರು ಅದರಲ್ಲಿನ ಮದ್ಯಸಾರವನ್ನೂ ವೈದ್ಯರಿಗೆ ನೆನಪಿಸಬೇಕು.

ಅಜ್ಜಿಯ ಪ್ರಶ್ನೆಗೆ ಹಳೆಯ ಉತ್ತರ

ಈಗ ಮೂರನೆಯ ಪ್ರಶ್ನೆ: ಮದ್ಯಸಾರವಿಲ್ಲದೆ ಮದ್ದು ಆಗುವುದಿಲ್ಲವೆ? ಇದನ್ನು ಕೇಳಿದವರಲ್ಲಿ ಆ ಅಜ್ಜಿ ಮೊದಲಿಗರಲ್ಲ. ಸ್ತವನಿಧಿ, ಕೊಥಳಿ, ಸದಲಗಾ, ಶೇಡಬಾಳದ ಈ ಸೀಮೆಯಲ್ಲಿ ಜೈನ ಮನೆತನಗಳು ಬಹಳ. ಮದ್ಯ, ಮಾಂಸ, ಮಧು ಮೂರನ್ನೂ ಬಿಡುವುದು ಶ್ರಾವಕರ ಮೂಲಗುಣಗಳಲ್ಲಿ ಸೇರಿದೆ. ಮಧು ಎಂದರೆ ಜೇನು. ಮದ್ಯ ಬಿಟ್ಟರೆ ಅರಿಷ್ಟ ಹೋಯಿತು, ಜೇನು ಬಿಟ್ಟರೆ ಅನುಪಾನವೇ ಹೋಯಿತು. ಕಾಯಿಲೆ ಬಿದ್ದ ಶ್ರಾವಕ ಏನು ಮಾಡಬೇಕು?

ಈ ಪ್ರಶ್ನೆಗೆ ಉತ್ತರವಾಗಿ ಒಂದು ವೈದ್ಯ ಪರಂಪರೆಯೇ ಬೆಳೆಯಿತು. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯ ಸಂಸ್ಕೃತದಲ್ಲಿ 'ಕಲ್ಯಾಣಕಾರಕ' ಎಂಬ ದೊಡ್ಡ ವೈದ್ಯ ಗ್ರಂಥ ಬರೆದ. ಮದ್ಯ, ಮಾಂಸ, ಮಧು ಇಲ್ಲದ ಚಿಕಿತ್ಸೆ ಅದರ ವಿಶೇಷ. ಅದರ ಕೊನೆಯಲ್ಲಿ ಮಾಂಸಾಹಾರ ಔಷಧಕ್ಕೆ ಅಗತ್ಯವಿಲ್ಲವೆಂದು ವಾದಿಸುವ 'ಹಿತಾಹಿತ' ಅಧ್ಯಾಯವಿದೆ. ಅದನ್ನು ನೃಪತುಂಗನ ಸಭೆಯಲ್ಲಿ ವೈದ್ಯರ ಮುಂದೆ ಪ್ರತಿಪಾದಿಸಿದ್ದೆಂದು ಗ್ರಂಥ ಹೇಳುತ್ತದೆ. 1940ರಲ್ಲಿ ಇದು ಅಚ್ಚಾದದ್ದು ನಮ್ಮ ನೆರೆಯ ಸೊಲ್ಲಾಪುರದಲ್ಲಿ. ಹನ್ನೆರಡನೆಯ ಶತಮಾನದ ನಡುವೆ ಜಗದ್ದಳ ಸೋಮನಾಥ, ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದ. 'ಕರ್ಣಾಟಕ ಕಲ್ಯಾಣಕಾರಕ' ಎಂಬ ಆ ಕೃತಿಯೂ ಮದ್ಯ ಮಾಂಸಗಳನ್ನು ಮುಟ್ಟದೆಯೇ ಚಿಕಿತ್ಸೆ ಹೇಳುತ್ತದೆ. ವ್ರತ ಬಿಡಲೊಪ್ಪದವರು ಚಿಕಿತ್ಸೆಯನ್ನೂ ಬಿಡಲಿಲ್ಲ. ಇದ್ದ ದ್ರವಗಳಲ್ಲೇ ದಾರಿ ಹುಡುಕಿದರು ಎಂಬುದನ್ನು ನಾವು ಗಮನಿಸಬೇಕು.

ಆ ದಾರಿ ಇಂದಿಗೂ ಇದೆ. ಅರಿಷ್ಟ ಮಾಡುವ ಅದೇ ದಶಮೂಲಗಳ ಕಷಾಯಚೂರ್ಣ ಅಂಗಡಿಯಲ್ಲಿ ಸಿಗುತ್ತದೆ. ದಿನದಿನ ಕಾಸಿ ಕುಡಿಯಬೇಕು, ನಾಳೆಗೆ ಇಡುವಂತಿಲ್ಲ. ಎಣ್ಣೆಯ ಗುಣದ ಪದಾರ್ಥಗಳಿಗೆ ಮದ್ದಿನ ತುಪ್ಪ ಇದೆ. ಕೆಡದಂತೆ ಇರಬೇಕಾದರೆ ಬೆಲ್ಲ, ಸಕ್ಕರೆಯ ಗಟ್ಟಿ ಪಾಕದ ಲೇಹ್ಯ ಇದೆ. ಸಕ್ಕರೆ ನೀರನ್ನು ಹಿಡಿದಿಡುವುದರಿಂದ ಸೂಕ್ಷ್ಮಜೀವಿಗಳಿಗೆ ಕುಡಿಯಲು ನೀರೇ ಉಳಿಯುವುದಿಲ್ಲ. ಚೂರ್ಣ, ಗುಳಿಗೆಗಳಿಗೆ ಯಾವ ದ್ರವವೂ ಬೇಡ. ಕೈಗಾರಿಕೆಯಲ್ಲಿ ಮದ್ಯಸಾರದ ಬದಲು ಗ್ಲಿಸರಿನ್ ಬಳಸುವುದೂ ಉಂಟು. ಅದು ಎಣ್ಣೆ ಕೊಬ್ಬುಗಳಿಂದಲೇ ಬರುವಂಥದು; ಸಸ್ಯದ್ದೋ ಪ್ರಾಣಿಯದ್ದೋ ಎಂದು ವಿಚಾರಿಸಿ ಕೊಳ್ಳಬೇಕು. ಆದರೆ ಒಂದನ್ನು ಮುಚ್ಚಿಡಬಾರದು: ಈ ಬದಲಿಗಳು ಅರಿಷ್ಟಕ್ಕೆ ಎಲ್ಲ ರೀತಿಯಲ್ಲೂ ಸಮ ಎಂದು ನಾನು ಹೇಳಲಾರೆ. ಕರಗಿಸುವ ದ್ರವ ಬದಲಾದರೆ ಇಳಿಯುವ ಗುಣವೂ ಬದಲಾಗುತ್ತದೆ. ಅದನ್ನು ವೈದ್ಯರೊಡನೆ ಕುಳಿತು ತೀರ್ಮಾನಿಸಬೇಕು. ಬೆಳಗಾವಿಯಲ್ಲಿ 1933ರಿಂದ ಆಯುರ್ವೇದ ಕಾಲೇಜು ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪಾರಂಪರಿಕ ವೈದ್ಯದ ಸಂಸ್ಥೆಯೂ ಅಲ್ಲಿಯೇ ಇದೆ. ಕೇಳಲು ದೂರ ಹೋಗಬೇಕಾಗಿಲ್ಲ.

ಆ ಅಜ್ಜಿಗೆ ನಾನು ಅಂದು, ವೈದ್ಯರ ಹತ್ತಿರ ಹೋಗಿ ನಿಮ್ಮ ವ್ರತದ ಮಾತು ಬಾಯಿಬಿಟ್ಟು ಹೇಳಿ, ಕಷಾಯ ಬರೆದುಕೊಡಲು ಕೇಳಿ ಎಂದಷ್ಟೇ ಹೇಳಿದ್ದೆ. "ಡಾಕ್ಟರ ಸಿಟ್ಟ ಆಗೂದಿಲ್ಲೇನ್ರಿ?" ಎಂದರು. ಆಗುವುದಿಲ್ಲ ಎಂದೆ. ಹೋದರು, ವೈದ್ಯರು ಸಿಟ್ಟಾಗಲಿಲ್ಲ, ಕಷಾಯ ಬರೆದುಕೊಟ್ಟರು. ಅಜ್ಜಿ ಹೇಳದೆ ಬಾಟಲಿಯನ್ನು ಮೋರಿಗೆ ಸುರಿದು ಸುಮ್ಮನಿದ್ದಿದ್ದರೆ, ಸೊಸೆಗೆ ಔಷಧವೂ ಇಲ್ಲ, ವೈದ್ಯರಿಗೆ ವಿಷಯವೂ ಇಲ್ಲ ಎಂಬಂತಾಗುತ್ತಿತ್ತು. ಎಷ್ಟೋ ಮನೆಗಳಲ್ಲಿ ಹೀಗೆಯೇ ಆಗುತ್ತದೆ.

ಕೊನೆಗೆ ಒಂದು ಸಣ್ಣ ಕೆಲಸ ಹೇಳಿ ಮುಗಿಸುತ್ತೇನೆ. ಇವತ್ತು ಮನೆಗೆ ಹೋದ ಮೇಲೆ ಕಪಾಟಿನಲ್ಲಿರುವ ಮದ್ದಿನ ಬಾಟಲಿಗಳನ್ನೆಲ್ಲ ಕೆಳಗಿಳಿಸಿ. ಕನರು ವಾಸನೆ ಬಂದ ಎಣ್ಣೆಯನ್ನು ಚೆಲ್ಲಿ. ಉಳಿದದ್ದರ ಮೇಲೆ ಕಾಗದ ಅಂಟಿಸಿ, ಏನು, ಯಾವ ಎಣ್ಣೆಯಲ್ಲಿ, ಯಾವ ದಿನ ಮಾಡಿದ್ದು, ಹಚ್ಚುವುದೋ ಕುಡಿಯುವುದೋ ಎಂದು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಸೆರೆಯ ಬಾಟಲಿ, ತಂಪು ಪಾನೀಯದ ಬಾಟಲಿಗಳಲ್ಲಿ ಯಾವ ಮದ್ದನ್ನೂ, ಯಾವ ಸ್ಪಿರಿಟ್ಟನ್ನೂ ತುಂಬಿಡಬೇಡಿ. ನಮ್ಮ ಮನೆಯ ಬಾಟಲಿಯ ಮೇಲೆ ಹೀಗೆ ಎರಡು ಅಕ್ಷರ ಬರೆದಿದ್ದರೆ, ಅದನ್ನು ಬೇರೆ ಬಾಟಲಿಯಲ್ಲಿ ಹಾಕಿದ್ದರೆ, ಮಾಮಾ ಆ ದೀಪಾವಳಿಯ ದೀಪ ನೋಡಿರುತ್ತಿದ್ದ.